ಬೊಂಬೆ ಪಾರ್ಕಿನ ಪೊದೆಗೆ ಗ್ಲಿಸರಿನ್

ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸಿದಾಗ ಪಟ್ಟದ ಬೊಂಬೆಗಳನ್ನು ದೊಡ್ಡವರು ನೋಡಿಕೊಂಡರೆ, ಕೆಳಗಿನ ಪಾರ್ಕು ಮಕ್ಕಳ ಸಾಮ್ರಾಜ್ಯ. ಹುಲ್ಲಿಗೆ ರಾಗಿ ಪೈರು ಬೆಳೆಸುವುದು ಹಳೆಯ ರೂಢಿ. ಪೊದೆ, ಮರಗಳಿಗೆಂದು ಆಟದ ರೈಲಿನ ಹುಚ್ಚಿರುವವರು ಮೆತ್ತನೆಯ ಹಸಿರು ಗೊಂಚಲುಗಳ ಪ್ಯಾಕೆಟ್ಟನ್ನೂ ತರಿಸುವುದುಂಟು. ಹಬ್ಬ ಮುಗಿದು ಅಟ್ಟ ಸೇರಿದ ಆ ಗೊಂಚಲು ಕೆಲವು ವರ್ಷ ಕಳೆದು ಹೊರಬಂದಾಗ ಹಳೇ ಹಪ್ಪಳದ ಹಾಗೆ ಪುಡಿಪುಡಿ. ಕಸಕ್ಕೆ ಹಾಕಬೇಕಿಲ್ಲ.

ಅದು ಪ್ಲಾಸ್ಟಿಕ್ಕೂ ಅಲ್ಲ, ಗಿಡವೂ ಅಲ್ಲ, ಕಲ್ಲುಹೂವಿನ ಬಳಗದ್ದು. ದೇವರಾಜ ಮಾರುಕಟ್ಟೆಯಲ್ಲಿ ಮಸಾಲೆಗೆ ಕೊಳ್ಳುವ ಕಲ್ಲುಹೂವು ಎಲೆಯಂತೆ ಚಪ್ಪಟೆ. ಇದು ಕವಲೊಡೆದು ಪೊದೆಯಾಗುವ ಕ್ಲಾಡೋನಿಯಾ. ನಾರ್ವೆ, ಫಿನ್ಲೆಂಡಿನ ಕಡೆ ಹಿಮಸಾರಂಗಗಳಿಗೆ ಚಳಿಗಾಲದ ಮೇವು. ಶಿಲೀಂಧ್ರದ ಎಳೆಗಳ ನಡುವೆ ಪಾಚಿ ಸೇರಿಕೊಂಡು ಆಹಾರ ತಯಾರಿಸುತ್ತದೆ. ಒಂದೇ ಮೈಯಲ್ಲಿ ಎರಡು ಜೀವವಿದೆ ಎಂದು 1867ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ ಹೇಳಿದಾಗ ಆ ಕಾಲದ ಕಲ್ಲುಹೂವು ತಜ್ಞರೇ ಒಪ್ಪಲಿಲ್ಲ.

ಇದಕ್ಕೆ ಬೇರಿಲ್ಲ, ಎಲೆಗಳ ಮೇಲಿರುವಂಥ ಮೇಣದ ಹೊದಿಕೆಯೂ ಇಲ್ಲ. ಮಳೆ, ಮಂಜಿನ ನೀರನ್ನು ಮೈಯಿಂದಲೇ ಹೀರುತ್ತದೆ, ಅಷ್ಟೇ ಬೇಗ ಒಣಗುತ್ತದೆ. ಒದ್ದೆಯಿದ್ದಾಗ ಮೆತ್ತಗೆ, ಒಣಗಿದಾಗ ಕಾಲಿಟ್ಟರೆ ಮುರಿಯುವಷ್ಟು ಗರಿಗರಿ. ಅಂದರೆ ಮೆತ್ತಗಿಡುವುದು ನೀರು, ಆದರೆ ನೀರು ನಿಲ್ಲುವುದಿಲ್ಲ. ಗ್ಲಿಸರಿನ್ ನಿಲ್ಲುತ್ತದೆ: ಅದರ ಕುದಿಬಿಂದು 290 ಡಿಗ್ರಿ ಸೆಲ್ಸಿಯಸ್, ಕೋಣೆಯ ಬಿಸಿಗೆ ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಮೇಲಾಗಿ ಅದರ ಪ್ರತಿ ಅಣುವಿನಲ್ಲಿರುವ ಮೂರು ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಜಲಜನಕದ ಜೋಡಿಗಳು) ಗಾಳಿಯ ತೇವವನ್ನೂ ಹಿಡಿದುಕೊಳ್ಳುತ್ತವೆ. ಪ್ಯಾಕೆಟ್ಟಿನ ಮಾಲನ್ನು ಮೆತ್ತಗಿಟ್ಟಿರುವುದೂ ಸಾಮಾನ್ಯವಾಗಿ ಇದೇ.

ಹಾಗಾಗಿ ಮೆಡಿಕಲ್ ಶಾಪಿನ ಗ್ಲಿಸರಿನ್ ಒಂದು ಪಾಲು, ಬಿಸಿನೀರು ಎರಡು ಪಾಲು ಬೆರೆಸಿ. ಒಣ ಗೊಂಚಲನ್ನು ಹಿಚುಕಬೇಡಿ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿ. ಧೂಳು ತಳಕ್ಕಿಳಿದು ಕವಲುಗಳು ಬಗ್ಗತೊಡಗಿದ ಮೇಲೆ ತೆಗೆದು ದ್ರಾವಣದಲ್ಲಿ ರಾತ್ರಿಯಿಡೀ ಮುಳುಗಿಸಿ. ಬೆಳಿಗ್ಗೆ ಮೆಲ್ಲಗೆ ಹಿಂಡಿ, ಹಳೇ ಪೇಪರಿನ ಮೇಲೆ ನೆರಳಿನಲ್ಲಿ ಹರವಿ. ಹಳೇ ಬಣ್ಣ ನೀರಿಗೆ ಬಿಡಬಹುದು. ಬಟ್ಟೆಗೆ ಹಾಕುವ ಹಸಿರು ಬಣ್ಣವನ್ನು ದ್ರಾವಣಕ್ಕೇ ಸೇರಿಸಿದರಾಯಿತು. ಇದರಿಂದ ಜೀವವೇನೂ ಮರಳುವುದಿಲ್ಲ, ಮರಳುವುದು ಬಾಗುವ ಗುಣ ಮಾತ್ರ.

ಗ್ಲಿಸರಿನ್ ಹೆಚ್ಚಾದರೆ ನಮ್ಮ ಜುಲೈ ಮಳೆಯಲ್ಲಿ ಗೊಂಚಲು ಜಿಗುಟಾಗಿ ಧೂಳನ್ನೆಲ್ಲ ಮೆತ್ತಿಕೊಳ್ಳುತ್ತದೆ. ಒದ್ದೆ ಆರುವ ಮುನ್ನ ಡಬ್ಬಿಗೆ ತುಂಬಿದರೆ ಬೂಷ್ಟು. ಮಾರ್ಚಿನ ಒಣಹವೆಗೆ ತೆರೆದಿಟ್ಟರೆ ಮತ್ತೆ ಬಿರುಸು. ಚೆನ್ನಾಗಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯೇ ವಾಸಿ. ಆಟದ ರೈಲಿನ ಹಳಿಗೆ ಮಾತ್ರ ತಾಗದಂತೆ ಅಂಟಿಸಿ, ಜಿಡ್ಡು ಹತ್ತಿದರೆ ವಿದ್ಯುತ್ ಸರಿಯಾಗಿ ಹರಿಯದೆ ಗಾಡಿ ಅಲ್ಲಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಯಾಕೆ, ಚಾಮುಂಡಿ ಬೆಟ್ಟದ ಬಂಡೆಗಳ ಮೇಲೆ ಕಲ್ಲುಹೂವು ಬೇಕಾದಷ್ಟಿದೆಯಲ್ಲ ಎನ್ನುವವರಿದ್ದಾರೆ. ಅದು ಕಲ್ಲಿಗೇ ಅಂಟಿದ ಚಕ್ಕೆ, ಕೆರೆದರೆ ಪೊದೆಯಲ್ಲ, ಬರೀ ಪುಡಿ ಸಿಗುತ್ತದೆ. ಅಂಥ ಚಕ್ಕೆಗಳಲ್ಲಿ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರೂ ಹರಡುವುದಿಲ್ಲ.