ಕುತರ್ಕ ಹಿಡಿದ ಮಾತ್ರಕ್ಕೆ ಗೆದ್ದ ಹಾಗಲ್ಲ

ಕಲಬುರಗಿ ಸುತ್ತಮುತ್ತಲಿನ ಕಾಲೇಜುಗಳ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗುತ್ತಿರುತ್ತೇನೆ. ಈಗಿನ ಹುಡುಗರಿಗೆ ಕುತರ್ಕಗಳ ಪಟ್ಟಿಯೇ ಬಾಯಿಪಾಠ. ವ್ಯಕ್ತಿನಿಂದೆ, ಆಡದ ಮಾತನ್ನು ಎದುರಿನವರ ಬಾಯಿಗೆ ತುರುಕುವುದು, "ನಿಮ್ಮ ಸರ್ಕಾರ ಇದ್ದಾಗ ಏನ್ ಮಾಡಿದ್ರಿ?" ಅನ್ನೋದು, ಎಲ್ಲ ಗೊತ್ತು. ಸಂತೋಷವೇ. ಆದರೆ ಎದುರಿನವರ ಕುತರ್ಕದ ಹೆಸರು ಕೂಗಿದ ಕೂಡಲೇ ಗೆದ್ದೆ ಅಂದುಕೊಳ್ಳುತ್ತಾರಲ್ಲ, ಅದೇ ತಲೆನೋವು.

ಮೊನ್ನೆಯ ವಿಷಯ 371(ಜೆ), ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಓದು, ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ. ಆಳಂದ ಕಡೆಯ ಹುಡುಗಿಯೊಬ್ಬಳು ಹೇಳಿದಳು: "2013ರಲ್ಲಿ ಇದು ಜಾರಿಗೆ ಬಂತು. ಆಮೇಲೆ ನಮ್ಮೂರಿನ ಇಬ್ಬರಿಗೆ ಮೆಡಿಕಲ್ ಸೀಟು ಸಿಕ್ತು. ಎಲ್ಲ 371(ಜೆ) ಪುಣ್ಯ." ಎದುರು ಪಕ್ಷದ ಹುಡುಗ ಎದ್ದ. "ಒಂದಾದ ಮ್ಯಾಲೆ ಇನ್ನೊಂದು ಆಯ್ತು ಅಂದ ಮಾತ್ರಕ್ಕ ಮೊದಲಿಂದೇ ಕಾರಣ ಅಲ್ರೀ. ಇದು ಕುತರ್ಕ ಅದ. ಹಂಗಾಗಿ 371(ಜೆ)ಯಿಂದ ನಮಗ ಏನೂ ಲಾಭ ಆಗಿಲ್ಲ." ಜೋರು ಚಪ್ಪಾಳೆ.

ಮೊದಲ ಮಾತು ಸರಿ. ಕೊನೆಯದು ಎಲ್ಲಿಂದ ಬಂತು? ಅವಳು ಕೊಟ್ಟ ಕಾರಣ ಸಾಲದು ಅಂತ ತೋರಿಸಿದ, ಅಷ್ಟೇ. ಲಾಭ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಇದ್ದಲ್ಲೇ ಇದೆ. "ಗ್ರಹಣ ಹಿಡಿದಿತ್ತು, ತೊಗರಿ ಒಣಗಿರುತ್ತೆ" ಅಂತ ಒಬ್ಬರು ಅಂದರು ಅನ್ನಿ. ಗ್ರಹಣಕ್ಕೂ ತೊಗರಿಗೂ ಏನು ಸಂಬಂಧ ಅಂತ ನೀವು ನಕ್ಕಿರಿ. ನಗಿ. ಆದರೆ ಮಣ್ಣಿನ ಶಿಲೀಂಧ್ರದಿಂದ ನೆಟೆ ರೋಗ ಬಂದು ತೊಗರಿ ನಿಜಕ್ಕೂ ಒಣಗಿರಬಹುದು, ಅಲ್ವಾ? ಹೊಲಕ್ಕೆ ಹೋಗಿ ನೋಡಲೇಬೇಕು.

ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು. ಆ ಇಬ್ಬರ ಸೀಟು ಈ ಕೋಟಾದಲ್ಲಿ ಬಂದಿದ್ದಾ, ಬೇರೆ ದಾರಿಯಲ್ಲಾ? ಇಷ್ಟು ಕೇಳಿದ್ದರೆ ಚರ್ಚೆ ಎಷ್ಟೋ ಮುಂದೆ ಹೋಗುತ್ತಿತ್ತು. "ಏನೂ ಲಾಭ ಆಗಿಲ್ಲ" ಅನ್ನುವುದೂ ಒಂದು ವಾದವೇ. ಅದಕ್ಕೂ ಪುರಾವೆ ಬೇಕು.

ಕೋರ್ಟಿನ ಲೆಕ್ಕ ಬೇರೆ, ಅದನ್ನು ಇಲ್ಲಿ ಬೆರೆಸಬೇಡಿ. ಅಲ್ಲಿ ಆರೋಪ ಸಾಬೀತಾಗದಿದ್ದರೆ ಆರೋಪಿ ಬಿಡುಗಡೆ. ಚರ್ಚೆಯಲ್ಲಿ ಒಬ್ಬರ ಕಾರಣ ಬಿದ್ದರೆ ಇನ್ನೊಬ್ಬರ ಮಾತು ತಾನಾಗೇ ನಿಜ ಆಗಲ್ಲ.

ತರ್ಕದ ಹಳೆಯ ಗ್ರಂಥವಾದ ಗೌತಮನ ನ್ಯಾಯಸೂತ್ರ ಚರ್ಚೆಯಲ್ಲಿ ವಾದ, ಜಲ್ಪ, ವಿತಂಡ ಅಂತ ಮೂರು ಬಗೆ ಹೇಳುತ್ತದೆ. ತನ್ನದು ಅಂತ ಏನನ್ನೂ ಸ್ಥಾಪಿಸದೆ ಎದುರಿನವರದ್ದನ್ನು ಕೆಡವುವುದು ವಿತಂಡ. ನಮ್ಮ ಹುಡುಗ ಇನ್ನೂ ಮುಂದೆ ಹೋಗಿ, ಕೆಡವಿದ್ದನ್ನೇ ಸ್ಥಾಪಿಸಿದ್ದು ಅಂತ ಲೆಕ್ಕ ಹಾಕಿದ. ಟಿವಿಯಲ್ಲಿ ಕೂರುವ ಪಕ್ಷದ ವಕ್ತಾರರಿಗೆ ಅಷ್ಟು ಸಾಕಾಗಬಹುದು. ಬ್ರೇಕ್ ಬರೋವರೆಗೆ ಹೊತ್ತು ಹೋದರೆ ಆಯ್ತು. ನನ್ನ ಹಾಳೆಯಲ್ಲಿ ಮಾತ್ರ ಖಂಡನೆಗೂ ಮಂಡನೆಗೂ ಬೇರೆ ಬೇರೆ ಅಂಕ. ಅದಕ್ಕೇ ಆ ಹುಡುಗನಿಗೆ ನನ್ನ ಮೇಲೆ ಇನ್ನೂ ಸಿಟ್ಟು.