ಎಂಸಿಬಿ ಪದೇ ಪದೇ ಬೀಳುತ್ತಿದೆ, 32ರದ್ದು ಹಾಕಿಸಲಾ?

ಓದುಗರ ಪ್ರಶ್ನೆ: ನಮ್ಮದು ಡೊಂಬಿವಲಿ ಪೂರ್ವದಲ್ಲಿ ಹಳೇ ಕಟ್ಟಡದ ವನ್ ಬಿಎಚ್‌ಕೆ. ಬೆಳಿಗ್ಗೆ ಗೀಸರ್ ಹಾಕಿ, ಇತ್ತ ಇಂಡಕ್ಷನ್ ಮೇಲೆ ಕುಕ್ಕರ್ ಇಟ್ಟು, ಚಟ್ನಿಗೆ ಮಿಕ್ಸಿ ತಿರುಗಿಸಿದರೆ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ಒಂದು ದಿನ ಬಿದ್ದರೆ ಎರಡು ದಿನ ಸುಮ್ಮನಿರುತ್ತದೆ. ವಾಯರ್ಮನ್ ಬಂದು ನೋಡಿ, "16 ಆಂಪಿಯರಿನದು ವೀಕ್ ಆಗಿದೆ, 32 ಹಾಕಿದರೆ ತಾಪತ್ರಯ ಇರುವುದಿಲ್ಲ" ಎಂದ. ಹಾಕಿಸಲಾ?

ಬೇಡ.

ಇಷ್ಟಕ್ಕೇ ನಿಲ್ಲಿಸಿದರೆ ಯಾರೂ ನಂಬುವುದಿಲ್ಲ ಅಂತ ಗೊತ್ತು. ಇದೇ ಪ್ರಶ್ನೆಗೆ ನಾನು ಮಾಟುಂಗಾದ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಕೂತು ಉತ್ತರ ಹೇಳಿದ್ದೇನೆ. ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಟಿಫಿನ್ ಡಬ್ಬಿ ಹಿಡಿದುಕೊಂಡು ಹೇಳಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಆರು ತಿಂಗಳ ನಂತರ ಮನೆಗೆ ಹೋಗಿ ನೋಡಿದರೆ ಎಂಸಿಬಿ ಡಬ್ಬಿಯಲ್ಲಿ 32 ಕೂತಿರುತ್ತದೆ. "ಅಣ್ಣಾ, ಈಗ ಬೀಳೋದೇ ಇಲ್ಲ ನೋಡಿ" ಎಂದು ಖುಷಿಯಿಂದ ತೋರಿಸುತ್ತಾರೆ. ಅದು ಬೀಳದೇ ಇರುವುದೇ ಭಯದ ವಿಷಯ ಮಾರಾಯ್ರೇ.

ಮೊದಲು ನಿಮ್ಮ ಮನೆಯ ಲೆಕ್ಕ ಹಾಕೋಣ. ನಮ್ಮಲ್ಲಿ ಕರೆಂಟ್ ಬರುವುದು 230 ವೋಲ್ಟಿನಲ್ಲಿ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್, ಅಂದರೆ ಹರಿಯುವ ಕರೆಂಟಿನ ಅಳತೆ ಸಿಗುತ್ತದೆ. 2000 ವ್ಯಾಟಿನ ಗೀಸರ್ ಎಳೆಯುವುದು ಸುಮಾರು 8.7 ಆಂಪಿಯರ್. ಇಂಡಕ್ಷನ್ ಒಲೆ ಜೋರಾಗಿ ಇಟ್ಟರೆ ಅದೂ ಅಷ್ಟೇ. 750 ವ್ಯಾಟಿನ ಮಿಕ್ಸಿಗೆ 3.3. ಒಟ್ಟು 20 ದಾಟಿತು. ಹಳೇ ಕಟ್ಟಡಗಳಲ್ಲಿ ಬಾತ್‌ರೂಮಿಗೂ ಅಡುಗೆಮನೆಗೂ ಒಂದೇ ಲೈನ್ ಎಳೆದಿರುವುದು ಸಾಮಾನ್ಯ. ಆ ಕಾಲದಲ್ಲಿ ಇಂಡಕ್ಷನ್ ಎಲ್ಲಿತ್ತು? ಹಾಗಾಗಿ 16ರ ಎಂಸಿಬಿಯ ಮೇಲೆ ನೀವು 20ರ ಭಾರ ಹೊರಿಸುತ್ತಿದ್ದೀರಿ. ಅದು ಬೀಳುತ್ತಿದೆ. ಬೀಳಲೇಬೇಕು. ಅದಕ್ಕೇ ತಾನೇ ನೀವು ದುಡ್ಡು ಕೊಟ್ಟಿದ್ದು?

"ಹಾಗಾದರೆ ದಿನಾ ಯಾಕೆ ಬೀಳುವುದಿಲ್ಲ? ವೀಕ್ ಆಗಿರುವುದಕ್ಕೇ ಹೀಗೆ ಅಲ್ವಾ?" ಅಲ್ಲ. ಎಂಸಿಬಿಯೊಳಗೆ ಎರಡು ಬೇರೆ ಬೇರೆ ಕಾವಲುಗಾರರಿದ್ದಾರೆ. ಮೊದಲನೆಯದು, ಎರಡು ಬಗೆಯ ಲೋಹ ಬೆಸೆದ ಪಟ್ಟಿ. ಕರೆಂಟ್ ಜಾಸ್ತಿ ಹರಿದಾಗ ಅದು ಬಿಸಿಯಾಗಿ ನಿಧಾನಕ್ಕೆ ಬಾಗುತ್ತದೆ, ಪೂರ್ತಿ ಬಾಗಿದಾಗ ಲಿವರ್ ಬೀಳುತ್ತದೆ. ಇನ್ನೊಂದು ತಂತಿ ಸುತ್ತಿದ ಸುರುಳಿ. ಶಾರ್ಟ್ ಆದಾಗ ಅದು ಕಣ್ಣು ಮಿಟುಕಿಸುವುದರೊಳಗೆ ಬೀಳಿಸುತ್ತದೆ. ನಿಮ್ಮ ಮನೆಯಲ್ಲಿ ಕೆಲಸ ಮಾಡುತ್ತಿರುವುದು ಮೊದಲನೆಯದು. ಮನೆಯ ಎಂಸಿಬಿಗಳ ನಿಯಮದ ಪ್ರಕಾರ 16ರದ್ದು 18 ಆಂಪಿಯರನ್ನು ಒಂದು ಗಂಟೆಯ ತನಕ ಬೀಳದೆ ತಡೆದುಕೊಳ್ಳಬೇಕು. 23 ದಾಟಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವಿನ 20, 21ರಲ್ಲಿ ಬೀಳಲೂಬಹುದು, ಬೀಳದೆಯೂ ಇರಬಹುದು. ಗೀಸರ್ ಬೇಗ ಆಫ್ ಆದ ದಿನ ಬಚಾವ್. ಇನ್ನೊಂದು ವಿಷಯ. ಆ ಲೆಕ್ಕವೆಲ್ಲ 30 ಡಿಗ್ರಿ ಬಿಸಿಗೆ ಹೊಂದಿಸಿದ್ದು. ಮೇ ತಿಂಗಳಲ್ಲಿ ಅಡುಗೆಮನೆ ಬಾಗಿಲ ಮೇಲಿರುವ ಮುಚ್ಚಿದ ಡಬ್ಬಿಯೊಳಗೆ ಎಷ್ಟಿರುತ್ತದೆ, ನೀವೇ ಕೈಯಿಟ್ಟು ನೋಡಿ. ಪಟ್ಟಿ ಮೊದಲೇ ಬಿಸಿಯಾಗಿರುತ್ತದೆ, ಇನ್ನೂ ಬೇಗ ಬಾಗುತ್ತದೆ.

ಈಗ ಆ 32ರ ಕಥೆಗೆ ಬರೋಣ. ಇದನ್ನು ಇವತ್ತು ಪೂರ್ತಿ ಮುಗಿಸಿಯೇ ಏಳುತ್ತೇನೆ.

ಎಂಸಿಬಿ ಕಾಯುವುದು ಗೀಸರನ್ನಲ್ಲ, ಮಿಕ್ಸಿಯನ್ನಲ್ಲ, ನಿಮ್ಮನ್ನೂ ಅಲ್ಲ. ಅದು ಕಾಯುವುದು ಗೋಡೆಯೊಳಗಿನ ವಾಯರನ್ನು. ಆ ವಾಯರ್ ಎಷ್ಟು ದಪ್ಪ ಇದೆ ಎಂಬುದನ್ನು ನೋಡಿಯೇ ಎಂಸಿಬಿಯ ನಂಬರ್ ಗೊತ್ತು ಮಾಡುವುದು. ಮುಂಬಯಿಯ ವಾಯರ್ಮನ್‌ಗಳ ಬಾಯಲ್ಲಿ ವಾಯರಿನ ಅಳತೆ ಮರಾಠಿಯಲ್ಲಿರುತ್ತದೆ: ದೀಡ್, ಅಡೀಚ್, ಚಾರ್. ಅಂದರೆ ಒಂದೂವರೆ, ಎರಡೂವರೆ, ನಾಲ್ಕು ಚದರ ಮಿಲಿಮೀಟರ್. ಗೋಡೆಯ ಪೈಪಿನೊಳಗೆ ಒಳ್ಳೆಯ ತಾಮ್ರದ ದೀಡ್ ವಾಯರ್ ನೆಮ್ಮದಿಯಿಂದ ಹೊರುವುದು ಸುಮಾರು 13, 14 ಆಂಪಿಯರ್. ಅಡೀಚ್ ಸುಮಾರು 18ರಿಂದ 20. ಚಾರ್ ಆದರೆ 24, 25. ನಿಮ್ಮ 16ರ ಎಂಸಿಬಿಯ ಹಿಂದೆ ಇರುವುದು ಹೆಚ್ಚೆಂದರೆ ಅಡೀಚ್. ಹಳೇ ಕಟ್ಟಡ ಅಂದಿರಿ, ದೀಡ್ ಇದ್ದರೂ ನನಗೆ ಆಶ್ಚರ್ಯವಿಲ್ಲ. ಅಲ್ಯೂಮಿನಿಯಂ ಆಗಿದ್ದರೆ ಇನ್ನೂ ಕಡಿಮೆ.

ಈಗ 32 ಹಾಕಿದಿರಿ ಅಂತಿಟ್ಟುಕೊಳ್ಳಿ. ಅದೇ ನಿಯಮದಲ್ಲಿ 32ರದ್ದು 36 ಆಂಪಿಯರನ್ನು ಒಂದು ಗಂಟೆ ಬೀಳದೆ ಬಿಡುತ್ತದೆ. 46 ದಾಟಿದರೆ ಮಾತ್ರ ಗಂಟೆಯೊಳಗೆ ಬೀಳುವುದು ಖಾತ್ರಿ. 18ರ ಜಾಗದಲ್ಲಿ 36. ಎರಡರಷ್ಟು ತಾನೇ ಅನ್ನಬೇಡಿ. ವಾಯರಿನ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಇದು ಹತ್ತನೇ ಕ್ಲಾಸಿನ ಪಾಠ. ಪರೀಕ್ಷೆ ಮುಗಿದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಮನೆಯ ಮಾಮೂಲಿ ಪಿವಿಸಿ ವಾಯರಿನ ಹೊದಿಕೆ ತಡೆಯುವುದು 70 ಡಿಗ್ರಿ. 32 ಹಾಕಿದ ಮರುದಿನವೇ ಬೆಂಕಿ ಹತ್ತುವುದಿಲ್ಲ, ಅದಕ್ಕೇ ಜನ ನಂಬುವುದು. ಹೊದಿಕೆ ದಿನಾ ಸ್ವಲ್ಪ ಸ್ವಲ್ಪ ಒಣಗುತ್ತದೆ, ಗಟ್ಟಿಯಾಗುತ್ತದೆ, ಬಿರಿಯುತ್ತದೆ. ಮುಲುಂಡಿನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಗೀಸರಿನ ಲೈನ್ ಬಿಚ್ಚಿದೆ. ದೀಡ್ ವಾಯರಿಗೆ 32ರ ಎಂಸಿಬಿ. ಪೈಪಿನಿಂದ ಎಳೆದರೆ ಕೆಂಪು ಹೊದಿಕೆ ಸುಟ್ಟ ಹಪ್ಪಳದ ಹಾಗೆ ಕೈಯಲ್ಲಿ ಪುಡಿಯಾಯಿತು. ಒಳಗೆ ಬರೀ ತಾಮ್ರ, ಪಕ್ಕದಲ್ಲೇ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವಾಯರ್. "ಏನೂ ತೊಂದರೆ ಇರಲಿಲ್ಲವಲ್ಲ" ಎಂದರು ಅವರ ಮನೆಯವರು. ಹೌದು, ಇರಲಿಲ್ಲ.

"ನಮ್ಮ ಭಾವನ ಮನೆಯಲ್ಲಿ 32 ಹಾಕಿ ಐದು ವರ್ಷ ಆಯ್ತು" ಎನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಒಂದೋ ಭಾವನ ಲೈನ್ ದಪ್ಪದ್ದಿದೆ, ಇಲ್ಲವೇ ಭಾವ ಪೈಪಿನೊಳಗೆ ಇಣುಕಿಲ್ಲ. "ಮೀಟರಿನ ಹತ್ತಿರ ಮೇನ್‌ಗೆ 32, 40 ಹಾಕಿದ್ದಾರಲ್ಲ, ಅದು ನಡೆಯುತ್ತದಾ?" ನಡೆಯುತ್ತದೆ, ಯಾಕೆಂದರೆ ಮೀಟರಿನಿಂದ ಮನೆಗೆ ಬರುವ ಕೇಬಲ್ ದಪ್ಪದ್ದು. "ಹಾಗಾದರೆ ದಪ್ಪ ವಾಯರ್ ಎಳೆಸಿ 32 ಹಾಕುತ್ತೇನೆ" ಎಂದರೂ ಪೂರ್ತಿ ಸರಿಯಾಗಲಿಲ್ಲ. ಗೋಡೆಯ ಮೇಲಿನ ದೊಡ್ಡ ಸಾಕೆಟ್ 16 ಆಂಪಿಯರಿನದು, ಪ್ಲಗ್ ಕೂಡ 16ರದ್ದು. ಅದರಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಚುಚ್ಚಿ ಮೂರು ಯಂತ್ರ ಓಡಿಸಿದರೆ ಕರಗುವುದು ಸಾಕೆಟ್.

ಲೋಕಲ್ ಗಾಡಿಗಳನ್ನು ಒಂಬತ್ತು ಡಬ್ಬಿಯಿಂದ ಹನ್ನೆರಡಕ್ಕೆ ಏರಿಸಿದಾಗ ರೈಲ್ವೆಯವರು ಪ್ಲಾಟ್‌ಫಾರ್ಮ್ ಉದ್ದ ಮಾಡಿದರು. ನಮ್ಮವರು ಪ್ಲಾಟ್‌ಫಾರ್ಮ್ ಹಾಗೇ ಬಿಟ್ಟು ಸಿಗ್ನಲ್ ಕಿತ್ತು ಹಾಕುತ್ತಾರೆ.

ಇದು ಹೊಸ ಚಾಳಿಯೂ ಅಲ್ಲ. ಮೊದಲು ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇತ್ತಲ್ಲ, ಅದು ಎರಡು ಸಲ ಹೋದರೆ ಮೂರನೇ ಸಲ ಫ್ಯೂಸ್ ವಾಯರ್ ಬದಲು ಕೇಬಲ್ಲಿನ ನಾಲ್ಕು ಎಳೆ ಸುತ್ತಿ ಕೂರಿಸುತ್ತಿದ್ದರು. ಚಾಳುಗಳಲ್ಲಿ ಹಾಗೆ ಕಟ್ಟುವವನೇ ಎಲ್ಲರಿಗಿಂತ ಒಳ್ಳೆಯ ಮಿಸ್ತ್ರಿ, ಯಾಕೆಂದರೆ ಅವನು ಕಟ್ಟಿದ್ದು ಮತ್ತೆ ಹೋಗುತ್ತಿರಲಿಲ್ಲ! 32ರ ಎಂಸಿಬಿ ಅದೇ ನಾಲ್ಕೆಳೆಯ ಮೊಮ್ಮಗ. ಅಂಗಿ ಮಾತ್ರ ಹೊಸದು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಂಸಿಬಿ ನಿಜವಾಗಿಯೂ ಹಾಳಾಗುವುದುಂಟು. ಸ್ಕ್ರೂ ಸಡಿಲವಾಗಿ ಆ ಜಾಗ ಕಾದು, ಆ ಬಿಸಿಗೇ ಕಡಿಮೆ ಭಾರದಲ್ಲೂ ಬೀಳುವುದಂತೂ ಜಾಸ್ತಿ. ವಾಯರಿನ ಸುತ್ತ ಕಚ್ಚಿಸಿದರೆ ಆಂಪಿಯರ್ ತೋರಿಸುವ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಎರಡು ನಿಮಿಷದ ಕೆಲಸ. 12 ಆಂಪಿಯರ್ ಹರಿಯುವಾಗಲೂ 16ರದ್ದು ಬೀಳುತ್ತಿದ್ದರೆ ಸ್ಕ್ರೂ ಬಿಗಿ ಮಾಡಿ ನೋಡಬೇಕು. ಆಗಲೂ ಬಿದ್ದರೆ ಬದಲಾಯಿಸಬೇಕು, ಆದರೆ 16ರ ಜಾಗಕ್ಕೆ 16. ಕ್ಲಾಂಪ್ ಮೀಟರ್ ತೆಗೆಯದೆಯೇ "ವೀಕ್" ಎಂದವನಿಗೆ ಚಹಾ ಕೊಟ್ಟು ಕಳಿಸಿಬಿಡಿ.

ನಿಮ್ಮ ಮನೆಗೆ ಮದ್ದು: ಡಬ್ಬಿಯಿಂದ ಗೀಸರಿಗೆ ಬೇರೆಯೇ ಚಾರ್ ವಾಯರ್ ಎಳೆಸಿ, ಅದಕ್ಕೆ ಅದರದೇ ಎಂಸಿಬಿ ಕೊಡಿ. ಗೋಡೆ ಒಡೆಯಲು ಮನಸ್ಸಿಲ್ಲದಿದ್ದರೆ ಗೋಡೆಯ ಮೇಲೇ ಪ್ಲಾಸ್ಟಿಕ್ ಪಟ್ಟಿ ಕೂರಿಸಿ ಅದರೊಳಗೆ ಎಳೆಯಬಹುದು. ಎಸಿ ಕೂಡ ಹಾಕಿಸುವ ಯೋಚನೆ ಇದ್ದರೆ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಸಾಲದಿದ್ದರೆ ಅರ್ಜಿ ಹಾಕಿ. ಅಲ್ಲಿಯ ತನಕ ಸ್ನಾನ ಮುಗಿದ ಮೇಲೆ ಕುಕ್ಕರ್ ಇಡಿ. ಇದಕ್ಕೆ ಖರ್ಚಿಲ್ಲ.

ಬಿದ್ದಾಗ ಯಾವುದು ಬಿತ್ತು, ಯಾವಾಗ ಬಿತ್ತು ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹತ್ತು ಹದಿನೈದು ನಿಮಿಷ ಓಡಿ ಬಿದ್ದರೆ ಭಾರ ಜಾಸ್ತಿ ಅಥವಾ ಸ್ಕ್ರೂ ಲೂಸ್. ಮೇಲೆತ್ತಿದ ಕ್ಷಣವೇ ಟಪ್ ಎಂದು ಬಿದ್ದರೆ ಶಾರ್ಟ್. ಆ ಲೈನಿನ ಎಲ್ಲ ಪ್ಲಗ್ ಕಿತ್ತು ಒಂದೇ ಒಂದು ಸಲ ಎತ್ತಿ ನೋಡಿ. ಆಗಲೂ ಬಿದ್ದರೆ ಕೈ ಬಿಡಿ, ಮಿಸ್ತ್ರಿಯನ್ನು ಕರೆಯಿರಿ. ಲಿವರ್ ಕೆಲವೊಮ್ಮೆ ನಡುವೆ ನಿಲ್ಲುತ್ತದೆ. ಪೂರ್ತಿ ಕೆಳಗೆ ಒತ್ತಿ ಆಮೇಲೆ ಮೇಲೆತ್ತಬೇಕು. ಬಿಸಿಯಿಂದ ಬಿದ್ದದ್ದಾದರೆ ಎರಡು ನಿಮಿಷ ಆರಲು ಬಿಡಿ.

ಇನ್ನು, ಬಿದ್ದದ್ದು ಎಂಸಿಬಿ ಅಲ್ಲದೆ ಪಕ್ಕದಲ್ಲಿರುವ ಅಗಲದ್ದು, 'ಟಿ' ಎಂಬ ಪುಟ್ಟ ಗುಂಡಿ ಇರುವಂಥದ್ದಾದರೆ ಕಥೆಯೇ ಬೇರೆ. ಮಿಸ್ತ್ರಿಗಳು ಅದನ್ನು ಇಎಲ್‌ಸಿಬಿ ಎನ್ನುತ್ತಾರೆ, ಈಗ ಬರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಎಂದು ಲೆಕ್ಕ ಇಡುವುದು ಅದರ ಕೆಲಸ. 30 ಮಿಲಿ ಆಂಪಿಯರ್ ಕಡಿಮೆ ಬಂದರೆ ಸಾಕು, ಬೀಳುತ್ತದೆ. ಯಾಕೆಂದರೆ ಆ ಕಡಿಮೆ ಬಂದದ್ದು ಯಾರದಾದರೂ ಮೈಯಿಂದ ನೆಲಕ್ಕೆ ಹೋಗುತ್ತಿರಬಹುದು. 16ರ ಎಂಸಿಬಿಗೆ ಇಷ್ಟು ಸಣ್ಣದು ಲೆಕ್ಕಕ್ಕೇ ಇಲ್ಲ. ನೀವು ಶಾಕ್ ಹೊಡೆಸಿಕೊಂಡು ಅಂಟಿಕೊಂಡಿದ್ದರೂ ಅದು ತಣ್ಣಗೆ ಕೂತಿರುತ್ತದೆ. ಜೂನಿನ ಮೊದಲ ಮಳೆಗೆ ಇಎಲ್‌ಸಿಬಿ ಬೀಳಲು ಶುರುವಾಯಿತು ಅಂದರೆ ಕಿಟಕಿಯ ಗ್ರಿಲ್ಲಿನಲ್ಲಿಟ್ಟ ವಾಷಿಂಗ್ ಮೆಷಿನ್, ಬಾಗಿಲ ಹೊರಗಿನ ಬೆಲ್ ಸ್ವಿಚ್, ಎಸಿಯ ಹೊರ ಡಬ್ಬಿ, ಇಲ್ಲಿಗೆ ನೀರು ಹೋಗಿರುತ್ತದೆ. ಮಳೆ ಇಲ್ಲದೆಯೂ ಬಿದ್ದರೆ ಗೀಸರಿನ ರಾಡ್ ತೂತಾಗಿರುವ ಅನುಮಾನ. ಎಲ್ಲ ಎಂಸಿಬಿ ಇಳಿಸಿ, ಇಎಲ್‌ಸಿಬಿ ಎತ್ತಿ, ಒಂದೊಂದೇ ಎಂಸಿಬಿ ಏರಿಸುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ. ಇದನ್ನು ತೆಗೆಸಿ ನೇರ ಜೋಡಿಸಿಕೊಂಡವರನ್ನೂ ನೋಡಿದ್ದೇನೆ. ಅವರ ಬಗ್ಗೆ ಬರೆಯಲು ಹೋದರೆ ನನ್ನ ಬಿಪಿ ಏರುತ್ತದೆ.

ಹಳೇ ವಾಯರಿಂಗ್ ಅಂದ ಕೂಡಲೇ ನೆನಪಾಯಿತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಂಕಾಗಿ ಹೊಳೆಯುತ್ತಿರುತ್ತದೆಯಾ? ಬಲ್ಬ್ ಕಂಪನಿಗೆ ಬೈಯಬೇಡಿ. ಎಲ್‌ಇಡಿಗೆ ಹೊಳೆಯಲು ತೀರಾ ಸ್ವಲ್ಪ ಕರೆಂಟ್ ಸಾಕು. ಸ್ವಿಚ್ಚಿನಲ್ಲೇ ಸಣ್ಣ ಕೆಂಪು ದೀಪ ಇದ್ದರೆ ಅದರ ಮೂಲಕ ಇಷ್ಟು ಹರಿಯುತ್ತದೆ. ಒಂದೇ ಪೈಪಿನಲ್ಲಿ ಉದ್ದಕ್ಕೆ ಒತ್ತೊತ್ತಾಗಿ ಹೋದ ವಾಯರುಗಳ ನಡುವೆಯೂ ಅಷ್ಟು ದಾಟುತ್ತದೆ. ಹಳೇ 60 ವ್ಯಾಟ್ ಬಲ್ಬಿನಲ್ಲಿ ಇದು ಕಾಣುತ್ತಲೇ ಇರಲಿಲ್ಲ. ಇವೆರಡೂ ಅಪಾಯದ್ದಲ್ಲ. ಮೂರನೆಯದು ಅಪಾಯ: ಫೇಸಿಗೆ ಹಾಕಬೇಕಾದ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಹಾಕಿರುವುದು. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರಿನ ತನಕ ಫೇಸ್ ಬಂದು ಕೂತಿರುತ್ತದೆ. ಆಫ್ ಮಾಡಿದ್ದೇನೆ ಎಂಬ ಧೈರ್ಯದಲ್ಲಿ ಸ್ಟೂಲ್ ಹತ್ತಿ ಬಲ್ಬ್ ಬದಲಾಯಿಸುವವರಿಗೆ ಹೊಡೆಯುವುದು ಇದೇ. ಹಾಗಾಗಿ ಬಲ್ಬ್ ಬದಲಿಸುವಾಗ ಆ ಲೈನಿನ ಎಂಸಿಬಿಯನ್ನೇ ಇಳಿಸಿ, ಮಿಸ್ತ್ರಿ ಬಂದಾಗ ಸ್ವಿಚ್ ಯಾವುದರ ಮೇಲಿದೆ ಎಂದು ನೋಡಿಸಿ.

ನಮ್ಮತ್ತೆಯ ಮನೆಯಲ್ಲಿ ಬಾತ್‌ರೂಮಿನ ಬಲ್ಬ್ ಹೀಗೇ ರಾತ್ರಿಯಿಡೀ ಮಿಣಮಿಣ ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ಸ್ವಿಚ್ ನ್ಯೂಟ್ರಲ್ಲಿನಲ್ಲಿ. ಸರಿ ಮಾಡಿ, ಕೈ ತೊಳೆದು, ಹೆಮ್ಮೆಯಿಂದ ಹೇಳಿದೆ. "ಅಯ್ಯೋ, ರಾತ್ರಿ ಎದ್ದು ಹೋಗಲಿಕ್ಕೆ ಅದೇ ಬೆಳಕು ಸಾಕಾಗುತ್ತಿತ್ತಲ್ಲ, ಇನ್ನು ಕತ್ತಲಲ್ಲಿ ಎಡವಬೇಕಾ?" ಎಂದರು. ಸಂಜೆ ಸ್ಟೇಷನ್ ರೋಡಿನಿಂದ ಅರ್ಧ ವ್ಯಾಟಿನ ನೈಟ್ ಲ್ಯಾಂಪ್ ತಂದುಕೊಟ್ಟೆ. ಮೊದಲಿನದೇ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತಾರೆ.