ಅಮೋಬಿ ಒಕೋಯೆ: 19ಕ್ಕೇ ಎನ್‌ಎಫ್‌ಎಲ್ ಸೇರಿದ ಡಿಫೆನ್ಸಿವ್ ಟ್ಯಾಕಲ್, ನನ್ನ ನೋಟ್ಸ್

ಅಮೆರಿಕನ್ ಫುಟ್‌ಬಾಲ್ ಕಲಿಯೋಕೆ ಶುರು ಮಾಡಿದವರ ಕಣ್ಣೆಲ್ಲ ಕ್ವಾರ್ಟರ್‌ಬ್ಯಾಕ್ ಮೇಲೇನೇ, ಚೆಂಡು ಅವನ ಕೈಲೇ ಇರುತ್ತಲ್ಲ. ನನಗಂತೂ ಆಟ ತಲೆಗೆ ಹತ್ತಿದ್ದು ಲೈನ್‌ಮನ್ (ಮುಂದಿನ ಸಾಲಲ್ಲಿ ನಿಂತು ಎದುರಾಳಿ ಜೊತೆ ತಳ್ಳಾಡೋನು) ಒಬ್ಬನ ಕರಿಯರ್ ಹಿಡ್ಕೊಂಡು ಕೂತ ಮೇಲೆ, ಅದಕ್ಕೇ ಇದನ್ನ ಬರೀತಿದೀನಿ.

ಅಮೋಬಿ ಒಕೋಯೆ ಹುಟ್ಟಿದ್ದು 1987ರ ಜೂನ್ 10, ನೈಜೀರಿಯಾದ ಅನಂಬ್ರಾ ರಾಜ್ಯದಲ್ಲಿ, ಇಗ್ಬೋ ಜನರ ಸೀಮೆ ಅದು. 12ನೇ ವಯಸ್ಸಿಗೆ ಅಮೆರಿಕದ ಅಲಬಾಮಾದ ಹಂಟ್ಸ್‌ವಿಲ್‌ಗೆ ಬಂದ. ಓದಿನಲ್ಲಿ ಎಷ್ಟು ಮುಂದಿದ್ದ ಅಂದ್ರೆ ಆ ವಯಸ್ಸಿಗೇ ಒಂಬತ್ತನೇ ಕ್ಲಾಸಿಗೆ ಹಾಕಿದ್ರು, 16 ತುಂಬೋ ಹೊತ್ತಿಗೆ ಹೈಸ್ಕೂಲೇ ಮುಗೀತು. 2003ರಲ್ಲಿ ಲೂಯಿವಿಲ್ ಯೂನಿವರ್ಸಿಟಿ ಟೀಮ್ ಸೇರಿದಾಗ ಅವನಿಗೆ ಬರೀ 16, ಎದುರಿಗೆ ನಿಲ್ಲೋರಲ್ಲಿ 21-22 ವರ್ಷದವರೂ ಇರ್ತಿದ್ರು.

ಈಗ ಎಲ್ಲರೂ ತಪ್ಪಾಗಿ ತಿಳ್ಕೊಳ್ಳೋ ವಿಷಯ. 2007ರ ಡ್ರಾಫ್ಟಲ್ಲಿ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಟೀಮ್‌ಗಳು ಹೊಸ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು) ಹ್ಯೂಸ್ಟನ್ ಟೆಕ್ಸನ್ಸ್ ಅವನನ್ನ 10ನೇ ಆಯ್ಕೆಯಾಗಿ ತಗೊಂಡಾಗ ಅವನಿಗಿನ್ನೂ 19. ಅಷ್ಟು ಚಿಕ್ಕವನನ್ನ ಹೇಗೆ ಬಿಟ್ರು, ರೂಲ್ ಸಡಿಲ ಮಾಡಿದ್ರಾ ಅಂತ ಕೇಳ್ತಾರೆ. ಇಲ್ಲ, ಎನ್‌ಎಫ್‌ಎಲ್ ರೂಲ್ ವಯಸ್ಸನ್ನ ಲೆಕ್ಕ ಹಾಕಲ್ಲ, ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರ್ಬೇಕು ಅನ್ನುತ್ತೆ ಅಷ್ಟೇ. ಒಕೋಯೆ ಕಾಲೇಜಲ್ಲಿ ಪೂರ್ತಿ ನಾಲ್ಕು ಸೀಸನ್ ಆಡಿದ್ದ, ಮೂರೂವರೆ ವರ್ಷದಲ್ಲಿ ಸೈಕಾಲಜಿ ಡಿಗ್ರಿನೂ ಮುಗಿಸಿದ್ದ, ಕೊನೇ ಸೀಸನ್ನಲ್ಲಿ ಲೂಯಿವಿಲ್ ವೇಕ್ ಫಾರೆಸ್ಟ್‌ನ 24-13ರಲ್ಲಿ ಸೋಲಿಸಿ ಆರೆಂಜ್ ಬೌಲ್ ಅನ್ನೋ ದೊಡ್ಡ ಕಾಲೇಜು ಪಂದ್ಯ ಗೆದ್ದಿತ್ತು, ಅಂದ್ರೆ ಹುಡುಗ ಯಾವ ಮೆಟ್ಟಿಲನ್ನೂ ಹಾರಿ ಬಂದಿರಲಿಲ್ಲ, ಶಾಲೆ ಬೇಗ ಮುಗಿದಿತ್ತು ಅಷ್ಟೇ.

ಮೊದಲ ತಿಂಗಳೇ ಅಬ್ಬರ. ಸೆಪ್ಟೆಂಬರ್‌ನಲ್ಲಿ 4 ಸ್ಯಾಕ್ (ಚೆಂಡು ಎಸೆಯೋ ಮುಂಚೆನೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು), ಡಿಫೆನ್ಸಲ್ಲಿ ಆ ತಿಂಗಳ ಬೆಸ್ಟ್ ಹೊಸಬ ಅನ್ನೋ ಪ್ರಶಸ್ತಿ ಬಂತು. ಆದ್ರೆ ಇಡೀ ಸೀಸನ್ ಮುಗಿದಾಗ ಲೆಕ್ಕ 5.5. ಆಮೇಲಿನ ವರ್ಷಗಳಲ್ಲಿ ಆ ಸಂಖ್ಯೆ ಮತ್ತೆ ಮುಟ್ಟಲಿಲ್ಲ, ಅದಕ್ಕೇ ಕೆಲವರು ಇವನನ್ನ ಫೇಲ್ ಅಂತ ಬರೆದುಬಿಡ್ತಾರೆ. ನಾನು ಒಪ್ಪಲ್ಲ. ಡಿಫೆನ್ಸಿವ್ ಟ್ಯಾಕಲ್ ನಿಲ್ಲೋದು ಸಾಲಿನ ನಟ್ಟನಡುವೆ, ಎದುರಾಳಿ ಇಬ್ಬರನ್ನ ಒಟ್ಟಿಗೆ ಅವನ ಮೇಲೆ ಬಿಡ್ತಾರೆ, ಆ ಇಬ್ಬರನ್ನೂ ಅವನು ಅಲ್ಲೇ ಹಿಡಿದು ನಿಲ್ಲಿಸಿದ್ರೆ ಹಿಂದಿರೋ ಲೈನ್‌ಬ್ಯಾಕರ್‌ಗೋ ಸಾಲಿನ ತುದೀಲಿರೋ ಎಂಡ್‌ಗೋ ದಾರಿ ಸಿಗುತ್ತೆ, ಸ್ಯಾಕ್ ಅವರ ಹೆಸರಿಗೆ ಹೋಗುತ್ತೆ. ಈ ಕೆಲಸ ಅಂಕಿ ಪಟ್ಟೀಲಿ ಕಾಣಲ್ಲ. ಮ್ಯಾಚ್ ನೋಡೋವಾಗ ಒಂದೈದು ಪ್ಲೇ ಚೆಂಡು ಬಿಟ್ಟು ನಡುವಿನ ಟ್ಯಾಕಲ್‌ನೇ ನೋಡಿ, ಗೊತ್ತಾಗುತ್ತೆ.

2011ರಲ್ಲಿ ವೇಡ್ ಫಿಲಿಪ್ಸ್ ಟೆಕ್ಸನ್ಸ್ ಡಿಫೆನ್ಸ್ ಕೋಚ್ ಆಗಿ ಬಂದ್ರು, ಡಿಫೆನ್ಸ್ ನಿಲ್ಲಿಸೋ ಜೋಡಣೆ 4-3 ಹೋಗಿ 3-4 ಬಂತು. ಮೊದಲ ಅಂಕಿ ಲೈನ್‌ಮನ್‌ಗಳದ್ದು, ಎರಡನೇದು ಲೈನ್‌ಬ್ಯಾಕರ್‌ಗಳದ್ದು, ಅಂದ್ರೆ ಮುಂದಿನ ಸಾಲಲ್ಲಿ ಒಂದು ಜಾಗನೇ ಮಾಯ. ಸಂದೀಲಿ ಚುರುಕಾಗಿ ನುಗ್ಗೋ ಒಕೋಯೆಗೆ ಅಲ್ಲಿ ನೆಲೆ ಉಳೀಲಿಲ್ಲ, ಬಿಟ್ಟುಬಿಟ್ರು. 4-3 ಆಡ್ತಿದ್ದ ಶಿಕಾಗೋ ಬೇರ್ಸ್ ಕರ್ಕೊಂಡ್ರು, ಅದೇ ವರ್ಷ 4 ಸ್ಯಾಕ್! ಆಟಗಾರ ಅವನೇ, ಜಾಗ ಬದಲಾಗಿತ್ತು. 2012ರಲ್ಲಿ ಟ್ಯಾಂಪಾ ಬೇ ಟೀಮಿಗೆ ಹೋದ, ಸೀಸನ್‌ಗೆ ಮುಂಚೆನೇ ಅವರು ಬಿಟ್ರು, ವಾಪಸ್ ಶಿಕಾಗೋ.

2013ರಲ್ಲಿ ಬಂದಿದ್ದು ಆಟಕ್ಕೆ ಸಂಬಂಧನೇ ಇಲ್ಲದ ಪೆಟ್ಟು. ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅನ್ನೋ ಅಪರೂಪದ ಕಾಯಿಲೆ, ಇದರಲ್ಲಿ ನಮ್ಮ ದೇಹದ ರಕ್ಷಣಾ ಪಡೆನೇ ಮಿದುಳಿನ ಮೇಲೆ ತಿರುಗಿ ಬೀಳುತ್ತೆ, ನೆನಪು, ಮಾತು, ನಡವಳಿಕೆ ಎಲ್ಲ ಕೆಡಬಹುದು, ಫಿಟ್ಸೂ ಬರಬಹುದು. ಡಾಕ್ಟರ್ ಜೋಸೆಪ್ ಡಾಲ್‌ಮಾವು ತಂಡ ಇದನ್ನ ಸರಿಯಾಗಿ ಗುರುತಿಸಿದ್ದು 2007ರಲ್ಲಿ, ಒಕೋಯೆ ಡ್ರಾಫ್ಟ್ ಆದ ವರ್ಷವೇ, ಓದುವಾಗ ಮೈ ಜುಮ್ ಅಂತು. ತಿಂಗಳುಗಟ್ಟಲೆ ಕೋಮಾದಲ್ಲಿದ್ದ, ಎದ್ದ ಮೇಲೆ ತೂಕ, ಶಕ್ತಿ ಎಲ್ಲ ಹೊಸದಾಗಿ ಕಟ್ಕೊಳ್ಳಬೇಕಾಯ್ತು.

ಅಷ್ಟಾದ್ರೂ 2014ರಲ್ಲಿ ಡಲ್ಲಾಸ್ ಕೌಬಾಯ್ಸ್ ಅವನಿಗೆ ಕಾಂಟ್ರಾಕ್ಟ್ ಕೊಟ್ರು, ಆಟದಿಂದ ಬರದ ಕಾಯಿಲೆಯವರಿಗೆ ಅಂತಾನೇ ಇರೋ ಲಿಸ್ಟಲ್ಲಿ ಹಾಕಿ ಚೇತರಿಸ್ಕೊಳ್ಳೋಕೆ ಟೈಮ್ ಕೊಟ್ರು. ಅವರ ಪರ ಒಂದು ಮ್ಯಾಚೂ ಆಡೋಕೆ ಆಗಲಿಲ್ಲ. ಆಗ ಅವನಿಗೆ 27, ಬೇರೆ ಎಷ್ಟೋ ಲೈನ್‌ಮನ್‌ಗಳ ಆಟ ಚೆನ್ನಾಗಿ ಪಕ್ವ ಆಗೋ ವಯಸ್ಸು.